34 ಡಿಗ್ರಿಯೂ ಅಪಾಯವೇ: ಕರಾವಳಿಯ ದುಡಿಮೆಗೆ ಬೇಕು ಬೇರೆ ಅಳತೆಗೋಲು

ತಾಪಮಾನದ ಅಂಕಿಯನ್ನಷ್ಟೇ ನೋಡಿದರೆ ಮಂಗಳೂರಿನ ಬೇಸಿಗೆ ಸೌಮ್ಯವಾಗಿಯೇ ಕಾಣುತ್ತದೆ. ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಗರಿಷ್ಠ ತಾಪಮಾನ ಹೆಚ್ಚಿನ ದಿನಗಳಲ್ಲಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಅದು 40 ದಾಟುತ್ತದೆ. ಸರ್ಕಾರದ ಬೇಸಿಗೆ ಕ್ರಮಗಳೂ ಇದೇ ಅಂಕಿಯ ಹಿಂದೆ ನಡೆಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ದಕ್ಷಿಣ ಕನ್ನಡ ಆ ಪಟ್ಟಿಯಲ್ಲಿಲ್ಲ.

ಹವಾಮಾನ ಇಲಾಖೆಯ ಮಾನದಂಡದ ಪ್ರಕಾರ ಕರಾವಳಿಯಲ್ಲಿ ಬಿಸಿಗಾಳಿ ಘೋಷಣೆಯಾಗಬೇಕಾದರೆ ತಾಪಮಾನ ಕನಿಷ್ಠ 37 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಅಂಥ ದಿನಗಳು ಬೆರಳೆಣಿಕೆಯಷ್ಟು. ಉಳಿದ ದಿನಗಳ ಅಪಾಯವನ್ನು ಕಾಣಲು ತೇವಾಂಶವನ್ನೂ ಲೆಕ್ಕಕ್ಕೆ ಹಿಡಿಯಬೇಕು. 40 ಡಿಗ್ರಿ ತಾಪಮಾನ, ಶೇ 20ರಷ್ಟು ತೇವಾಂಶ ಇರುವ ಒಣ ಊರಿನಲ್ಲಿ ಮೈಗೆ ತಟ್ಟುವ ಸೆಖೆಯ ಸೂಚ್ಯಂಕ ಸುಮಾರು 39 ಡಿಗ್ರಿ. 34 ಡಿಗ್ರಿ ತಾಪಮಾನ, ಶೇ 65ರಷ್ಟು ತೇವಾಂಶವಿರುವ ಕರಾವಳಿಯ ಮಧ್ಯಾಹ್ನದಲ್ಲಿ ಅದೇ ಸೂಚ್ಯಂಕ 44ರ ಹತ್ತಿರ ಹೋಗುತ್ತದೆ. ಈ ಲೆಕ್ಕವೂ ನೆರಳಿನಲ್ಲಿರುವವರದ್ದು. ನೇರ ಬಿಸಿಲಿಗೆ ಮೈಯೊಡ್ಡಿದವರಿಗೆ ಇನ್ನಷ್ಟು ಸೇರುತ್ತದೆ.

ಇದಕ್ಕೆ ಕಾರಣ ಬೆವರಿನ ಕೆಲಸದ ರೀತಿಯಲ್ಲಿದೆ. ದುಡಿಯುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿದ್ದರೆ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗದು. ನೀರು, ಉಪ್ಪು ಮಾತ್ರ ಖರ್ಚಾಗುತ್ತವೆ. ಶ್ರಮದ ಕೆಲಸದಲ್ಲಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹರಿಯಬಹುದು. 60 ಕಿಲೋ ತೂಕದವರು 1.2 ಲೀಟರ್ ಕಳೆದುಕೊಂಡರೆ ದೇಹತೂಕದ ಶೇ 2ರಷ್ಟು ನಷ್ಟ. ಅಲ್ಲಿಂದಲೇ ಶಕ್ತಿ, ಗಮನ ಎರಡೂ ಕುಂದತೊಡಗುತ್ತವೆ. ರಕ್ತದ ಪ್ರಮಾಣ ಇಳಿದು ಹೃದಯದ ಬಡಿತ ಏರುತ್ತದೆ, ಚರ್ಮದತ್ತ ಹರಿಯುವ ರಕ್ತ ಕಡಿಮೆಯಾಗುತ್ತದೆ. ಹೀಗೆ ನಿರ್ಜಲೀಕರಣ ಮತ್ತು ಮೈಬಿಸಿ ಒಂದನ್ನೊಂದು ಹೆಚ್ಚಿಸುತ್ತವೆ. ಇದು ದಿನವೂ ಮರುಕಳಿಸಿದರೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.

ನಗರದ ಎಲ್ಲ ದುಡಿಮೆಗೂ ಈ ಹೊರೆ ಒಂದೇ ಸಮನಾಗಿಲ್ಲ. ದಕ್ಕೆಯ ಮೀನು ವಹಿವಾಟು ನಸುಕಿಗೇ ಶುರುವಾಗಿ ಬಿಸಿಲೇರುವ ಮೊದಲು ಬಹುಪಾಲು ಮುಗಿಯುತ್ತದೆ. ಬಂದರಿನ ಸಗಟು ಅಂಗಡಿಗಳ ಮುಂದೆ ಮೂಟೆ ಹೊರುವವರು, ರಸ್ತೆಗೆ ಡಾಂಬರು ಹಾಕುವವರು, ಕೆಂಪುಕಲ್ಲಿನ ಕೋರೆಯಲ್ಲಿರುವವರು, ಬೈಕಿನಲ್ಲಿ ಊಟ ತಲುಪಿಸುವವರಿಗೆ ಆ ಅನುಕೂಲವಿಲ್ಲ. ತಾರಸಿ ಕಾಂಕ್ರೀಟಿನ ಕೆಲಸವಂತೂ ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಕೆಳಗಿನಿಂದ ಮೇಲಕ್ಕೆ ಬಾಣಲಿ ಕೈಬದಲಾಗುತ್ತಲೇ ಇರಬೇಕು, ಸಾಲಿನಲ್ಲಿ ಒಬ್ಬರು ಕೂತರೂ ಉಳಿದವರ ಕೈ ನಿಲ್ಲುತ್ತದೆ. ಗುತ್ತಿಗೆಯ ಲೆಕ್ಕದಲ್ಲಿ ದುಡಿಯುವವರಿಗೆ ವಿಶ್ರಾಂತಿಯೆಂದರೆ ಕೂಲಿ ಖೋತಾ. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದವರಲ್ಲಿ ಅನೇಕರ ವಾಸ ತಗಡಿನ ಶೆಡ್ಡಿನಲ್ಲಿ. ರಾತ್ರಿಯ ತಾಪಮಾನವೇ 25 ಡಿಗ್ರಿಗಿಂತ ಕೆಳಗಿಳಿಯದಾಗ ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡುವಿಲ್ಲ. ಹೊಸ ಹವೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಬಂದಿಳಿದ ಮರುದಿನವೇ ಪೂರ್ತಿ ಪಾಳಿಗೆ ಇಳಿಯುವವರಿಗೆ ಅಪಾಯ ಹೆಚ್ಚು.

ಆಯಾಸ, ತಲೆನೋವು, ವಾಕರಿಕೆ, ಸ್ನಾಯು ಸೆಳೆತ, ಗಾಢ ಬಣ್ಣದ ಮೂತ್ರ ಮೊದಲ ಸೂಚನೆಗಳು. ಮೈಯೊಳಗಿನ ತಾಪ 40 ಡಿಗ್ರಿ ದಾಟಿ ಮಾತು ತೊದಲಿದರೆ, ಬುದ್ಧಿ ಮಂಕಾದರೆ ಅದು ಶಾಖಾಘಾತ. ಬೆವರು ನಿಂತರೆ ಮಾತ್ರ ಶಾಖಾಘಾತ ಎಂಬ ನಂಬಿಕೆ ಇಲ್ಲಿ ದಾರಿ ತಪ್ಪಿಸುತ್ತದೆ: ದುಡಿಯುತ್ತ ಕುಸಿದವರ ಮೈ ಬೆವರಿನಿಂದ ತೊಯ್ದೇ ಇರಬಹುದು. ಅಂಥವರನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ತಂಪು ಮಾಡುವುದನ್ನು ನಿಲ್ಲಿಸಬಾರದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಬಾಯಾರಿದಾಗ ಕುಡಿದರಾಯಿತು ಎಂಬುದೂ ಸಾಲದು. ದುಡಿಯುವಾಗ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಬೇಕು. ಗಂಟೆಗಟ್ಟಲೆ ಬೆವರಿದ ಮೇಲೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಬೇರೊಂದು ಅಪಾಯ ಎದುರಾಗುತ್ತದೆ. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಆದೀತು. ಉಪ್ಪಿನಕಾಯಿ ಜೊತೆಗಿನ ಕುಚ್ಚಲಕ್ಕಿ ಗಂಜಿ, ಉಪ್ಪು ಹಾಕಿದ ಮಜ್ಜಿಗೆ ಕರಾವಳಿಯ ಗದ್ದೆ ಕೆಲಸದವರಿಗೆ ನೀರು, ಉಪ್ಪು ಎರಡನ್ನೂ ಒಟ್ಟಿಗೆ ಕೊಡುತ್ತಿದ್ದವು. ಆದರೆ ಕುಡಿಯುವ ನೀರೇ ಇಲ್ಲಿ ಬೇಸಿಗೆಯ ಪ್ರಶ್ನೆ. ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ಮಟ್ಟ ಇಳಿದು 2016, 2019 ಮತ್ತು 2023ರಲ್ಲಿ ನಗರದಲ್ಲಿ ನೀರಿನ ರೇಷನಿಂಗ್ ಮಾಡಬೇಕಾಯಿತು. ಶೌಚಾಲಯವಿಲ್ಲದ ಕಡೆ ಹೆಣ್ಣುಮಕ್ಕಳು ನೀರನ್ನೇ ಕಡಿಮೆ ಕುಡಿಯುತ್ತಾರೆ. ಅವರಿಗೆ 'ಹೆಚ್ಚು ನೀರು ಕುಡಿಯಿರಿ' ಎಂಬ ಪ್ರಕಟಣೆಯಿಂದ ಪ್ರಯೋಜನವಿಲ್ಲ.

ಕಡಲ ಬದಿಯ ಸೆಖೆ ಎಷ್ಟು ಮಾರಕವೆಂಬುದು 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್ಘರ್‌ನಲ್ಲಿ ಗೊತ್ತಾಯಿತು. ಸುಮಾರು 38 ಡಿಗ್ರಿ ತಾಪಮಾನದಲ್ಲಿ ನಡೆದ ಬಯಲು ಸಮಾರಂಭದ ಬಳಿಕ 14 ಮಂದಿ ಸತ್ತರು. ಅವರು ಭಾರ ಹೊತ್ತವರಲ್ಲ, ಕೂತು ಕೇಳಿದವರು.

ಪರಿಹಾರದ ಮಾದರಿ ಪಕ್ಕದಲ್ಲೇ ಇದೆ. ಕೇರಳದ ಕಾರ್ಮಿಕ ಇಲಾಖೆ ಪ್ರತಿ ಬೇಸಿಗೆಯಲ್ಲಿ ಬಿಸಿಲಿನಲ್ಲಿ ದುಡಿಯುವವರ ಪಾಳಿ ಬದಲಿಸಿ, ಮಧ್ಯಾಹ್ನ 12ರಿಂದ 3ರವರೆಗೆ ಕಡ್ಡಾಯ ಬಿಡುವು ಕೊಡುತ್ತದೆ. ಎಂಟು ಗಂಟೆಯ ದುಡಿಮೆ ಬೆಳಿಗ್ಗೆ 7ರಿಂದ ಸಂಜೆ 7ರ ನಡುವೆ ಹಂಚಿಹೋಗುತ್ತದೆ. ಕಾಸರಗೋಡಿನಲ್ಲಿ ನಿಯಮವಾಗಿರುವುದು ತಲಪಾಡಿ ಗಡಿಯ ಈಚೆಗೆ ಬಹುಪಾಲು ಸಲಹೆಯಾಗಿ ಉಳಿದಿದೆ. ಸೆಖೆ ಮಾತ್ರ ಎರಡೂ ಕಡೆ ಒಂದೇ. ಪಣಂಬೂರು, ಬಜ್ಪೆಯ ಹವಾಮಾನ ಕೇಂದ್ರಗಳಲ್ಲಿ ತಾಪಮಾನದ ಜೊತೆಗೆ ತೇವಾಂಶವೂ ದಾಖಲಾಗುತ್ತದೆ. ಆ ಎರಡನ್ನೂ ಸೇರಿಸಿದ ಸೂಚ್ಯಂಕ ನಿಗದಿತ ಮಟ್ಟ ದಾಟಿದ ದಿನ ಪಾಳಿ ತಾನಾಗಿಯೇ ಬದಲಾಗುವ ನಿಯಮ ಕರಾವಳಿಗೆ ಬೇಕು. ಮೊದಲ ಹೆಜ್ಜೆಯಾಗಿ ಪಾಲಿಕೆ, ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳ ಟೆಂಡರಿನಲ್ಲೇ ನೆರಳು, ನೀರು, ಶೌಚಾಲಯ, ಕೂಲಿ ಕಡಿತವಿಲ್ಲದ ಬಿಡುವನ್ನು ಷರತ್ತಾಗಿ ಸೇರಿಸಬಹುದು. ಅದರ ಖರ್ಚು ಕಾಮಗಾರಿಯ ಅಂದಾಜಿನಲ್ಲೇ ಇದ್ದರೆ ಗುತ್ತಿಗೆದಾರರಿಗೂ ಅದು ಹೊರೆಯಾಗದು.