ಸಾಲಿ ಸುದ್ದಿನೂ ನಮ್ಮ ಮೊಬೈಲಿಗೆ ಬರಲಿ, ವಾರಕ್ಕೊಂದು ಪುಟ

ಈ ವಾರ ಗೊಬ್ಬರದ ಬಗ್ಗೆ ಅಲ್ಲ, ರೇಟಿನ ಬಗ್ಗೆನೂ ಅಲ್ಲ. ಸಾಲಿ ಬಗ್ಗೆ ಬರೀತೀನಿ. "ಕೃಷಿ ಪುಟದಾಗ ಸಾಲಿ ಯಾಕ್ರಿ?" ಅನ್ನೋರು ಸ್ವಲ್ಪ ತಾಳ್ಮೆಯಿಂದ ಓದ್ರಿ. ನಿಮ್ಮ ಹತ್ತಿ ಬಿಡಿಸುವ ಕೂಲಿ ಲೆಕ್ಕಕ್ಕೂ ಊರ ಸಾಲಿ ಹಾಜರಿ ಪುಸ್ತಕಕ್ಕೂ ನೇರ ಸಂಬಂಧ ಐತಿ.

ನಿಮ್ಮೂರ ವಾಟ್ಸಾಪ್ ಗ್ರೂಪ್ ತೆಗೆದು ನೋಡ್ರಿ. ರಾಯಚೂರು ಎಪಿಎಂಸಿ ಹತ್ತಿ ರೇಟು ಇರ್ತದ, ಎಡದಂಡೆ ಕಾಲುವೆಗೆ ನೀರು ಬಿಟ್ರೋ ಇಲ್ಲೋ ಅನ್ನೋದು ಇರ್ತದ, ಔಷಧಿ ಅಂಗಡಿ ಜಾಹೀರಾತು, ಹುಟ್ಟುಹಬ್ಬದ ಬ್ಯಾನರು, ಯಾವುದೋ ರಾಜ್ಯದ ಹಾವಿನ ವಿಡಿಯೋ ಎಲ್ಲಾ ಇರ್ತದ. ಅದೇ ಊರಾಗ ನಮ್ಮ ಮಕ್ಕಳು, ತಮ್ಮ ತಂಗಿಯರು ದಿನಾ ಹೋಗುವ ಸಾಲಿ ಸುದ್ದಿ ಮಾತ್ರ ಒಂದೂ ಇರಂಗಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ "ನಮ್ಮ ಜಿಲ್ಲೆ ಮತ್ತ ಕೆಳಗ" ಅಂತ ಒಂದು ಫಾರ್ವರ್ಡ್ ಬರ್ತದ, ಎಲ್ಲರೂ ಮಾಸ್ತರಿಗೆ ಬೈತಾರ, ಮರುದಿನ ಮರೀತಾರ.

ಶಕ್ತಿನಗರದ ಸುತ್ತ ಓಡಾಡೋರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಫೀಸು ಕಟ್ಟುವ ಸಾಲಿಯ ಪಾಲಕರ ಮೊಬೈಲಿಗೆ ಹೋಂವರ್ಕು, ಆಟದ ದಿನ, ಪರೀಕ್ಷೆ ವೇಳಾಪಟ್ಟಿ ಎಲ್ಲಾ ಬರ್ತದ. ಆರ್‌ಟಿಪಿಎಸ್ ಚಿಮಣಿ ಕಾಣುವಷ್ಟೇ ದೂರದ ಹಳ್ಳಿಯ ಸರ್ಕಾರಿ ಸಾಲಿಯೊಳಗೆ ಏನು ನಡೀತದ ಅನ್ನೋದು ಅಲ್ಲಿ ಬಿಸಿಯೂಟ ಮಾಡೋ ಅಕ್ಕನಿಗೆ ಬಿಟ್ರೆ ಊರಿಗೆ ಗೊತ್ತಿರಂಗಿಲ್ಲ.

ಆಸ್ಟ್ರೇಲಿಯಾದ ಹಳ್ಳಿ ಸಾಲಿಗಳಲ್ಲಿ ಒಂದು ರೂಢಿ ಐತಿ. ಐವತ್ತು ಅರವತ್ತು ಮಕ್ಕಳ ಸಣ್ಣ ಸಾಲಿ ಆದರೂ ವಾರಕ್ಕೋ ಹದಿನೈದು ದಿನಕ್ಕೋ ಒಂದು ಸುದ್ದಿಪತ್ರ ಮನೆಮನೆಗೆ ಕಳಿಸ್ತಾರ. ಯಾರು ಓಟದಾಗ ಗೆದ್ರು, ತೋಟದಾಗ ಏನು ಬೆಳೀತು, ಮುಂದಿನ ವಾರ ಬಸ್ ಎಷ್ಟೊತ್ತಿಗೆ, ಯಾವ ಪಾಲಕರು ಶನಿವಾರ ಬಂದು ಬೇಲಿ ರಿಪೇರಿ ಮಾಡಬೇಕು ಅನ್ನುವಂಥ ಸುದ್ದಿ. ದೊಡ್ಡ ಸಾಹಿತ್ಯ ಏನಲ್ಲ. ಆದರೆ ಅಷ್ಟರಿಂದನೇ ಊರಿಗೆ ಸಾಲಿ ತನ್ನದು ಅನ್ನಿಸ್ತದ. ಅಲ್ಲಿ ಸಾಲಿ ತೋಟಕ್ಕೂ ಬೆಲೆ ಕೊಡ್ತಾರ. ಸ್ಟೆಫನಿ ಅಲೆಕ್ಸಾಂಡರ್ ಅನ್ನೋ ಅಡುಗೆ ಲೇಖಕಿ 2001ರಲ್ಲಿ ಮೆಲ್ಬರ್ನಿನ ಒಂದು ಸಾಲಿಯಲ್ಲಿ ಮಕ್ಕಳೇ ಬೆಳೆದು ಮಕ್ಕಳೇ ಅಡುಗೆ ಮಾಡಿ ಉಣ್ಣುವ ಕಾರ್ಯಕ್ರಮ ಶುರು ಮಾಡಿದರು, ಈಗ ಅದು ಆ ದೇಶದ ತುಂಬ ಹರಡಿದೆ.

ನಮಗೆ ಅದನ್ನ ನೋಡಿ ಬಾಯಿ ಬಿಡೋ ಅಗತ್ಯ ಇಲ್ರಿ. ಸಾಮಾನು ನಮ್ಮಲ್ಲೂ ಐತಿ. ಭಿತ್ತಿಪತ್ರಿಕೆ ನಮ್ಮ ಸಾಲಿಗಳಿಗೆ ಹಳೇದು. ಡ್ರಾಯಿಂಗ್ ಶೀಟಿನ ಮೇಲೆ ಮಕ್ಕಳು ಬರೆದು ಗೋಡೆಗೆ ಅಂಟಿಸ್ತಾರ, ಅದು ಬಿಸಿಲಿಗೆ ಬಣ್ಣಗೆಡ್ತದ. ಪ್ರಾರ್ಥನೆ ಹೊತ್ತಿಗೆ ಒಬ್ಬ ಹುಡುಗ ಪೇಪರ್ ನೋಡಿ "ಇಂದಿನ ಪ್ರಮುಖ ಸುದ್ದಿಗಳು" ಓದ್ತಾನ, ಅದರಾಗ ದಿಲ್ಲಿ ಇರ್ತದ, ಅವನ ಊರು ಇರಂಗಿಲ್ಲ. ಪ್ರತಿಭಾ ಕಾರಂಜಿ ಐತಿ, ಇಕೋ ಕ್ಲಬ್ ಐತಿ, ಮಕ್ಕಳ ಗ್ರಾಮಸಭೆ ಐತಿ, ತಿಂಗಳಿಗೊಮ್ಮೆ ಬ್ಯಾಗಿಲ್ಲದ ಸಂಭ್ರಮ ಶನಿವಾರ ಐತಿ. ಬಿಸಿಯೂಟ ಅಂತೂ ಈ ರಾಜ್ಯದಾಗ ಮೊದಲು ಶುರುವಾಗಿದ್ದೇ ನಮ್ಮ ಭಾಗದಾಗ: 2002ರಲ್ಲಿ ಅಕ್ಷರ ದಾಸೋಹ ಆರಂಭವಾದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಮೊಟ್ಟೆನೂ ಹಾಗೇ, 2021ರ ಡಿಸೆಂಬರಿನಲ್ಲಿ ಮೊದಲು ಸಿಕ್ಕಿದ್ದು ನಮ್ಮ ಕಡೆ ಮಕ್ಕಳಿಗೆ. ಇಲ್ಲದ್ದು ಒಂದೇ, ಇದೆಲ್ಲ ಊರಿಗೆ ತಿಳಿಯುವ ದಾರಿ.

ಹಾಗಾಗಿ ನನ್ನ ಮಾತು ಇಷ್ಟು: ಪ್ರತಿ ಶನಿವಾರ ಆರು, ಏಳು, ಎಂಟನೇ ಈಯತ್ತೆ ಮಕ್ಕಳು ಕೈಯಿಂದ ಒಂದು ಪುಟ ಬರೀಲಿ. ಅದರ ಫೋಟೋ ಊರ ಗ್ರೂಪಿಗೆ ಬರಲಿ. ಫೋಟೋ ಹೊಡೆದು ಹಾಕುವ ಕೆಲಸ ಮಾಸ್ತರಿಗೆ ಹಚ್ಚಬ್ಯಾಡ್ರಿ, ಅವರಿಗೆ ಈಗಾಗಲೇ ಸ್ಯಾಟ್ಸ್, ಬಿಸಿಯೂಟದ ಲೆಕ್ಕ, ಆ ಆ್ಯಪು ಈ ಆ್ಯಪು ಅಂತ ಸಾಕಾಗಿ ಹೋಗೈತಿ. ಸ್ಮಾರ್ಟ್‌ಫೋನ್ ಇರೋದು ನಮ್ಮ ಕೈಯಾಗ, ನಾವು ಮಾಡೋಣ.

ಪುಟದಾಗ ಏನಿರಬೇಕು? ಮೊದಲು ರೈತನಿಗೆ ಬೇಕಾದ್ದು ಹೇಳ್ತೀನಿ.

ಮಳೆ. ನೇರ ಗೋಡೆಯ ಒಂದು ಡಬ್ಬಿ, ತಳ ಚಪ್ಪಟೆ ಇರಬೇಕು, ಒಳಗೆ ಸ್ಕೇಲು. ಗಿಡದ ನೆರಳು, ಮಾಳಿಗೆ ಹನಿ ಬೀಳದ ಬಯಲಿನಾಗ ಇಡಬೇಕು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೀತದ, ಮಕ್ಕಳೂ ಅದೇ ಹೊತ್ತಿಗೆ ಅಳೀಲಿ. ಒಂದು ಮಿಲಿಮೀಟರ್ ಅಂದ್ರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. 25 ಮಿ.ಮೀ. ಬಿದ್ರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ಬಿದ್ದಂಗ. ಈ ಲೆಕ್ಕ ಏಳನೇತ್ತಿ ಹುಡುಗಿ ಗಣಿತದ ವಹಿಯಾಗ ಮಾಡಿದ್ರೆ ಅವಳ ಅಪ್ಪ ಬಿತ್ತೋ ಹದ ಆತೋ ಇಲ್ಲೋ ಅಂತ ನೋಡೋಕೆ ಕೇಳ್ತಾನ. ಪಂಚಾಯಿತಿಗೊಂದು ಮಳೆಮಾಪಕ ಐತಿ ನಿಜ, ಆದರೆ ದೇವದುರ್ಗ, ಮಾನ್ವಿ ಕಡೆ ಈ ಹೊಲಕ್ಕೆ ಬಿದ್ದ ಮಳೆ ಆ ಹೊಲಕ್ಕೆ ಇರಂಗಿಲ್ಲ ಅನ್ನೋದು ನಿಮಗೆ ಹೇಳಬೇಕಾಗಿಲ್ಲ.

ಎರಡನೇದು ಗುಲಾಬಿ ಕಾಯಿಕೊರಕ. ಸಾಲಿ ಪಕ್ಕದ ಹತ್ತಿ ಹೊಲದಾಗ ಎಕರೆಗೆ ಎರಡರಂತೆ ಮೋಹಕ ಬಲೆ ಕಟ್ರಿ. ಮಕ್ಕಳು ದಿನಾ ಪತಂಗ ಎಣಿಸಿ ಪುಟಕ್ಕೆ ಬರೀಲಿ. ಸತತ ಮೂರು ದಿನ ಒಂದು ಬಲೆಗೆ 8 ಪತಂಗ ಬಿದ್ರೆ ಕ್ರಮ ತಗೋಬೇಕು ಅನ್ನೋದು ಶಿಫಾರಸು. ಅದಕ್ಕಿಂತ ಕಡಿಮೆ ಇದ್ದಾಗ ಪಕ್ಕದವ ಹೊಡೆದ ಅಂತ ನಾವೂ ಹೊಡೆಯೋದು ದುಡ್ಡು ಮಣ್ಣುಪಾಲು ಮಾಡಿದಂಗ. ಎಣಿಸೋಕೆ ಹೋಗೋದು ಔಷಧಿ ಹೊಡೆಯದ ಹೊಲಕ್ಕೆ ಮಾತ್ರ, ಇದರಾಗ ರಾಜಿ ಬ್ಯಾಡ. ಸಾಲಿ ಬದಿಗೆ ಹೊಲ ಇರೋರು ಸಾಲಿ ಹೊತ್ತಿನಾಗ ಸ್ಪ್ರೇ ಮಾಡೋದನ್ನೂ ನಿಲ್ಲಿಸ್ರಿ. ಗಾಳಿಗೆ ಅದು ಬಿಸಿಯೂಟದ ತಟ್ಟೆತನಕ ಬರ್ತದ.

ಮೂರನೇದು ಕೈತೋಟ. ಇಲ್ಲಿ ಸ್ವಲ್ಪ ಜಾಸ್ತಿ ಹೇಳ್ತೀನಿ, ಬಾಗಲಕೋಟೆ ತೋಟಗಾರಿಕೆ ವಿವಿಯಲ್ಲಿ ಓದಿದ ಚಟ. ಕೇಂದ್ರ ಸರ್ಕಾರ 2019ರಲ್ಲೇ ಸಾಲಿ ಪೌಷ್ಟಿಕ ತೋಟಕ್ಕೆ ಮಾರ್ಗಸೂಚಿ ಕೊಟ್ಟಿದೆ. ಆದರೂ ಬಹಳ ಸಾಲಿಗಳಲ್ಲಿ ಕೈತೋಟ ಅಂದ್ರೆ ಪರಿಸರ ದಿನಕ್ಕೆ ನೆಟ್ಟು, ಫೋಟೋ ಹೊಡೆದು, ಬೇಸಿಗೆಗೆ ಒಣಗುವ ಸಸಿ. ಕಾರಣ ಸರಳ. ನಮ್ಮ ಎರಿ ಮಣ್ಣು ಒಣಗಿದ್ರೆ ಬಿರುಕು ಬಿಡ್ತದ, ಮಳೆ ಹಿಡಿದ್ರೆ ನೀರು ನಿಲ್ತದ. ಸಮತಟ್ಟಿನ ಮಡಿ ಮಾಡಿದ್ರೆ ಬೀಜ ಕೊಳೀತದ. ಗೇಣೆತ್ತರದ ಏರು ಮಡಿ ಮಾಡ್ರಿ, ಮೂರಡಿ ಅಗಲ ಸಾಕು, ಮಕ್ಕಳ ಕೈ ಎರಡೂ ಕಡೆಯಿಂದ ಎಟಕಬೇಕು. ಜೂನ್ ಕೊನೆಗೆ ಹರಿವೆ, ಮೆಂತ್ಯ ಚೆಲ್ಲಿದ್ರೆ 25ರಿಂದ 30 ದಿನಕ್ಕೆ ಸಾರಿಗೆ ಬರ್ತದ. ಪುಂಡಿಪಲ್ಯ ಕೇಳೋದೇ ಬ್ಯಾಡ, ನಮ್ಮ ಮಣ್ಣಿಗೆ ಹುಟ್ಟಿದ್ದೇ ಅದು. ಬೆಂಡಿ, ಚವಳಿ, ಬೇಲಿಗೆ ಹೀರಿ. ಕೈ ತೊಳೆದ ನೀರು ಹರಿಯುವ ಕಡೆ ಪಪ್ಪಾಯಿ. ಕಾಂಪೌಂಡ್ ಉದ್ದಕ್ಕೂ ನುಗ್ಗಿ. ನಮ್ಮ ವಿವಿಯ ಭಾಗ್ಯ ತಳಿ ಸಿಕ್ರೆ ಒಳ್ಳೇದು, ಇಲ್ಲಂದ್ರೆ ಊರ ನುಗ್ಗಿ ಟೊಂಗಿ ಊರಿದ್ರೂ ಆತು. ಕಾಯಿಗೆ ಕಾಯಬ್ಯಾಡ್ರಿ, ಸೊಪ್ಪೇ ಬ್ಯಾಳಿಗೆ ಹಾಕ್ರಿ. ಮೊಟ್ಟೆ ಸಿಪ್ಪೆ ಈಗ ರಾಶಿ ಸಿಗ್ತದ, ತೊಳೆದು ಒಣಗಿಸಿ ಪುಡಿ ಮಾಡಿ ಕಾಂಪೋಸ್ಟಿಗೆ ಸೇರಿಸ್ರಿ.

ಜೀವಾಮೃತ ಕಲಿಸೋಕೆ ನಮ್ಮಂಥ ಸಾವಯವದವರಿಗೆ ಭಾರಿ ಉಮೇದಿ. ಕಲಿಸ್ರಿ, ಆದರೆ ಹಸಿ ತಿನ್ನುವ, ನಾಳೆ ಕೀಳುವ ಸೊಪ್ಪಿನ ಮೇಲೆ ಸಿಂಪಡಿಸಬ್ಯಾಡ್ರಿ, ಬುಡಕ್ಕೆ ಹಾಕ್ರಿ, ಆಮೇಲೆ ಮಕ್ಕಳ ಕೈ ಸೋಪಿನಿಂದ ತೊಳಸ್ರಿ. ಶಕ್ತಿನಗರದ ಹತ್ತಿರದವರಿಗೆ ಇನ್ನೊಂದು ಮಾತು: ಹಾರುಬೂದಿ ಪುಕ್ಕಟೆ ಸಿಗ್ತದ ಅಂತ ಸಾಲಿ ಮಡಿಗೆ ತಂದು ಸುರೀಬ್ಯಾಡ್ರಿ. ಎರಿ ಮಣ್ಣು ಸಡಿಲ ಆಗ್ತದ ಅನ್ನೋ ವಾದ ಐತಿ, ಆದರೆ ಬೂದಿಯೊಳಗೆ ಭಾರ ಲೋಹಗಳೂ ಇರ್ತಾವ. ಪರೀಕ್ಷೆ ಮಾಡಿಸದೆ ಮಕ್ಕಳು ಉಣ್ಣುವ ಸೊಪ್ಪಿನ ಬುಡಕ್ಕೆ ಅದು ಬ್ಯಾಡ. ಬೂದಿ ಹಾರಿ ಬರುವ ಕಡೆ ಸೊಪ್ಪನ್ನ ಎರಡು ಮೂರು ನೀರಿನಾಗ ತೊಳೀರಿ. ಬೋರಿನ ನೀರೂ ಅಷ್ಟೇ. ನಮ್ಮ ಜಿಲ್ಲೆಯ ಕೆಲವು ಊರಾಗ ಫ್ಲೋರೈಡ್, ಕೆಲವು ಕಡೆ ಆರ್ಸೆನಿಕ್ ಕಂಡುಬಂದೈತಿ. ಪರೀಕ್ಷೆ ಮಾಡಿಸಿ ಫಲಿತಾಂಶ ಆ ವಾರದ ಪುಟದಾಗ ಬರಸ್ರಿ.

ಈಗ ಅಸಲಿ ವಿಷಯ. ಪುಟದ ಕೊನೆಗೆ ಒಂದು ಸಾಲು ಇರಬೇಕು: ಈ ವಾರ ಯಾವ ಈಯತ್ತೆಗೆ ಎಷ್ಟು ಮಕ್ಕಳು ದಾಖಲು, ಎಷ್ಟು ಮಂದಿ ಬಂದ್ರು. ಹೆಸರು ಬ್ಯಾಡ, ಮಕ್ಕಳ ಮುಖದ ಫೋಟೋನೂ ಬ್ಯಾಡ, ಅಂಕಿ ಅಷ್ಟೇ.

ಯಾಕಂದ್ರೆ ಆ ಅಂಕಿ ದೀಪಾವಳಿ ಆದಮೇಲೆ ಇಳೀತದ. ಹತ್ತಿ ಒಡೆಯೋಕೆ ಶುರು, ಜನವರಿ ತನಕ ಎರಡು ಮೂರು ಸಲ ಬಿಡಿಸೋದು, ಅದರ ಬೆನ್ನಿಗೆ ಮೆಣಸಿನಕಾಯಿ. ಹೆಣ್ಣುಮಕ್ಕಳು ಮೊದಲು ಕಾಣೆ ಆಗ್ತಾರ. ಹೊಲಕ್ಕೆ ಬರದೋರು ಮನ್ಯಾಗ ಕೂಸು ಹಿಡ್ಕೊಂಡು ಕುಂದರ್ತಾರ. ಕೆಲವರು ಅಪ್ಪ ಅವ್ವನ ಜತಿ ಗುಳೆ ಹೋಗ್ತಾರ.

"ನಾವು ಮಕ್ಕಳನ್ನ ಕೂಲಿಗೆ ಕರೆದಿಲ್ಲ, ಅವ್ವನ ಜತಿ ಬಂದಾವ" ಅಂತ ನಮ್ಮ ಗೆಳೆಯರು ಹೇಳ್ತಾರ. ಸುಳ್ಳಲ್ಲ. ಆದರೆ ಕೂಲಿ ಹೆಂಗ ಕೊಡ್ತೀವಿ ನೋಡ್ರಿ: ಕಿಲೋ ಲೆಕ್ಕ. ಅವ್ವನ ಚೀಲಕ್ಕೆ ಮಗಳ ನಾಲ್ಕು ಕಿಲೋ ಸೇರಿದ್ರೆ ಸಂಜಿಗೆ ಕೈಗೆ ಬರೋ ರೊಕ್ಕ ಹೆಚ್ಚು. ಯಾರೂ ಕರೀಬೇಕಾಗಿಲ್ಲ, ತಕ್ಕಡಿನೇ ಕರೀತದ. ಇನ್ನೊಂದು, ಮಂಜಿಗೆ ತೊಯ್ದ ಹತ್ತಿ ಬಿಡಿಸಿದ್ರೆ ತೇವಾಂಶ ಏರ್ತದ, ಸಿಸಿಐ ಕೇಂದ್ರದಾಗ 12 ಪರ್ಸೆಂಟ್ ದಾಟಿದ್ರೆ ತಗೊಳ್ಳಂಗಿಲ್ಲ. ಹಾಗಾಗಿ ಇಬ್ಬನಿ ಆರಿದ ಮೇಲೆನೇ ಬಿಡಿಸೋದು, ಒಂಬತ್ತು ಹತ್ತರಿಂದ ಸಂಜಿತನಕ. ಅಂದ್ರೆ ಸರಿಯಾಗಿ ಸಾಲಿ ಹೊತ್ತು. "ಕೆಲಸ ಮಾಡಿ ಸಾಲಿಗೂ ಹೋಗ್ತಾರ" ಅನ್ನೋದು ನಮ್ಮ ಬೆಳೆಗೆ ಹೊಂದೋ ಮಾತೇ ಅಲ್ಲ.

ಕಾನೂನು ಸ್ಪಷ್ಟ ಐತಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಮೇಲೆ 14 ವರ್ಷದೊಳಗಿನ ಮಕ್ಕಳನ್ನ ಯಾವ ಕೆಲಸಕ್ಕೂ ಹಚ್ಚಂಗಿಲ್ಲ. ಸಾಲಿ ಬಿಟ್ಟಮೇಲೆ ಅಥವಾ ರಜಾದಾಗ ತಮ್ಮ ಮನೆಯ ಹೊಲದಾಗ ಕೈ ಹಚ್ಚಬಹುದು, ಅಷ್ಟೇ. ನಿಮ್ಮ ಹೊಲ ಅವರ ಮನೆಯ ಹೊಲ ಅಲ್ಲ.

ರೇಟು ಬಿದ್ದ ವರ್ಷ ಬಿಡಿಸೋ ಕೂಲಿನೇ ಭಾರ ಅನ್ನೋದು ನನಗೂ ಗೊತ್ತು, ಆಳು ಸಿಗದೆ ಹತ್ತಿ ಗಿಡದಾಗ ಉಳಿದು ಮಳಿಗೆ ಕರ್ರಗಾಗೋದೂ ಗೊತ್ತು. ಆ ನಷ್ಟವನ್ನ ಹನ್ನೆರಡು ವರ್ಷದ ಹುಡುಗಿ ತುಂಬಿಕೊಡಬೇಕು ಅನ್ನೋದನ್ನ ಮಾತ್ರ ನಾನು ಒಪ್ಪಂಗಿಲ್ಲ. ಮಾಡಬಹುದಾದ್ದು ಐತಿ. ನಾಲ್ಕೈದು ಹೊಲದವರು ಕೂಡಿ ಸರದಿ ಹಾಕಿದ್ರೆ ಒಂದೇ ವಾರ ಎಲ್ಲರೂ ಆಳಿಗೆ ಬಡಿದಾಡೋದು ತಪ್ತದ. ಕಿಲೋ ರೇಟು ಮಾತಾಡುವಾಗಲೇ "ಸಾಲಿ ಹೊತ್ತಿನಾಗ ಮಕ್ಕಳು ಬ್ಯಾಡವ್ವಾ" ಅಂತ ಹೇಳಿ, ಅದಕ್ಕೆ ತಕ್ಕಂತೆ ಕಿಲೋಗೆ ಸ್ವಲ್ಪ ಏರಿಸ್ರಿ. ಕೂಸಿನ ಸಲುವಾಗಿ ಅಕ್ಕ ಸಾಲಿ ಬಿಡ್ತಾಳ ಅಂದ್ರೆ ಅಂಗನವಾಡಿ ಮತ್ತು ಪಂಚಾಯಿತಿ ಕೂಸಿನ ಮನೆ ಬಿಡಿಸೋ ಹಂಗಾಮಿನಾಗ ಎಷ್ಟೊತ್ತಿಗೆ ತೆರೀತಾವ ಅಂತ ಪಿಡಿಒ ಅವರನ್ನ ಕೇಳ್ರಿ. ಕೂಸಿನ ಮನೆ 2023ರ ಬಜೆಟ್ಟಿನಾಗ ಘೋಷಣೆ ಆಗಿದ್ದೇ ಕೂಲಿ ಅವ್ವಂದಿರ ಸಲುವಾಗಿ.

ಅಂಕಿ ಗ್ರೂಪಿಗೆ ಬಂದ್ರೆ ಜಗಳ ಆಗ್ತದ ಅಂತಾರ. ಆಗಲಿ ಬಿಡ್ರಿ. ಏಳನೇತ್ತಿಯಾಗ 31ಕ್ಕೆ 14 ಅಂತ ಮಕ್ಕಳ ಕೈಬರಹದಾಗ ಕಂಡ್ರೆ, ಉಳಿದ 17 ಮಂದಿ ಯಾರ ಹೊಲದಾಗ ಅದಾರ ಅಂತ ಊರಿಗೆ ಗೊತ್ತೇ ಇರ್ತದ. ಈಗ ಆ ಸಂಖ್ಯೆ ರಿಜಿಸ್ಟರಿನಾಗ ಮಲಗೈತಿ, ಏಪ್ರಿಲ್ ರಿಸಲ್ಟಿನಾಗ ಎದ್ದು ನಮಗೇ ಒದೀತದ.

ಶುರು ಮಾಡೋಕೆ ದೊಡ್ಡ ಸಭೆ ಬ್ಯಾಡ. ಎಸ್‌ಡಿಎಂಸಿಯಲ್ಲಿ ಇರೋ ಪಾಲಕರಲ್ಲಿ ಒಬ್ಬರನ್ನ ಜತಿ ಕರ್ಕೊಂಡು ಹೆಡ್ ಮಾಸ್ತರ್ ಕಡೆ ಹೋಗ್ರಿ, ಮಳೆ ಡಬ್ಬಿ ಮತ್ತು ಎರಡು ಡ್ರಾಯಿಂಗ್ ಶೀಟು ನೀವೇ ಒಯ್ಯಿರಿ. ಮೊದಲ ತಿಂಗಳು ಮಳೆ, ತೋಟ, ಆಟ ಇಷ್ಟೇ ಬರೀಲಿ. ಹಾಜರಿ ಸಾಲನ್ನ ಮಾಸ್ತರ ಒಪ್ಪಿಗೆ ತಗೊಂಡು ಅಕ್ಟೋಬರಿನೊಳಗೆ ಸೇರಿಸ್ರಿ. ದಸರಾ ರಜಾದಾಗ ಮಡಿಗೆ ನೀರು ಹಾಕೋರು ಯಾರು ಅಂತ ಈಗಲೇ ಮೂರು ಹೆಸರು ಬರೆದಿಡ್ರಿ, ಬೇಸಿಗೆ ರಜಾಕ್ಕೆ ಇನ್ನೂ ನಾಲ್ಕು. ಎರಡು ದಿನಕ್ಕೊಂದು ಸಲ ನುಗ್ಗಿ, ಕರಿಬೇವಿಗೆ ಎರಡು ಕೊಡ ಬಿದ್ರೆ ಸಾಕು, ಉಳಿದ ಮಡಿ ಒಣಗಲಿ, ಜೂನಿಗೆ ಮತ್ತ ಬಿತ್ತಿದ್ರಾತು.