ಮಗನ ತೊಡೆಸಂದಿನ ನೋವು



ಹೋಬಳಿ ಮಟ್ಟದ ಕಬಡ್ಡಿ ಆಡಿ ಬಂದ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡು ವಾರ ಕುಂಟುತ್ತಲೇ ಶಾಲೆಗೆ ಬಂದ. ಕೇಳಿದಾಗಲೆಲ್ಲ "ಮೊಣಕಾಲು ಸರ್" ಅನ್ನುತ್ತಿದ್ದ. ನೋವಿದ್ದದ್ದು ತೊಡೆಸಂದಿನಲ್ಲಿ. ಉಮ್ಮನೆದುರು ಆ ಜಾಗದ ಹೆಸರೆತ್ತಲು ನಾಚಿಕೆ! ಮದ್ರಸದಲ್ಲಿ ನಾವು ಲಜ್ಜೆ ಕಲಿಸುತ್ತೇವೆ, ಸರಿಯೇ. ಆದರೆ ತಿಳಿದುಕೊಳ್ಳಲು ನಾಚದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಮೆಚ್ಚಿಕೊಂಡದ್ದನ್ನೂ ಜೊತೆಗೇ ಕಲಿಸಬೇಕಿತ್ತು.

ಮೂಡಿಗೆರೆ, ಕಳಸದ ಕಡೆ ಮಳೆಗಾಲದ ಮೈದಾನವೆಂದರೆ ಬರೀ ಕೆಸರು. ಎದುರಾಳಿಯನ್ನು ಮುಟ್ಟಲು ಕಾಲು ಚಾಚಿದಾಗ ಇನ್ನೊಂದು ಕಾಲು ಜಾರಿ ತೊಡೆಯ ಒಳಭಾಗದ ಸ್ನಾಯು ಹರಿಯುತ್ತದೆ. ಮಂಗಳೂರಿನಲ್ಲಿ ಬೆಳೆದ ಕ್ರಿಕೆಟಿಗ ಕೆ.ಎಲ್. ರಾಹುಲ್ 2022ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಸರಣಿ ತಪ್ಪಿಸಿಕೊಂಡದ್ದೂ ತೊಡೆಸಂದಿನ ನೋವಿನಿಂದಲೇ. ಅವರು ಜರ್ಮನಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಆಗಸ್ಟ್‌ನಲ್ಲಿ ಮತ್ತೆ ಆಡಿದರು. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷದಂತೆ ದಿನಕ್ಕೆ ಮೂರ್ನಾಲ್ಕು ಬಾರಿ ಇಡಿ. ನಮ್ಮ ಹುಡುಗನ ಮನೆಯಲ್ಲಿ ವಿಷಯ ತಿಳಿದಾಗ ಬಿಸಿ ಎಣ್ಣೆ ಹಾಕಿ ತಿಕ್ಕಿದರಂತೆ. ಹೊಸ ಪೆಟ್ಟಿಗೆ ಅದು ಬೇಡ. ಹಾಗೆಂದು ತಿಂಗಳುಗಟ್ಟಲೆ ಮಲಗಿಸುವುದೂ ಮದ್ದಲ್ಲ. ಡೆನ್ಮಾರ್ಕಿನ ವೈದ್ಯರು ಬಹುಕಾಲದಿಂದ ಈ ನೋವು ಅನುಭವಿಸುತ್ತಿದ್ದ ಆಟಗಾರರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮ ಮಾಡಿದ 29 ಮಂದಿಯಲ್ಲಿ 23 ಜನ ನೋವಿಲ್ಲದೆ ಆಟಕ್ಕೆ ಮರಳಿದರು. ಮಸಾಜ್, ವಿದ್ಯುತ್ ಉಪಕರಣಗಳ ಚಿಕಿತ್ಸೆ ಪಡೆದ 30 ಮಂದಿಯಲ್ಲಿ ನಾಲ್ಕೇ ಜನ! ವ್ಯಾಯಾಮವೂ ಸರಳ. ಮಲಗಿ ಪಾದಗಳ ನಡುವೆ ಚೆಂಡಿಟ್ಟು ಒತ್ತಿ ಹಿಡಿಯುವುದು ಅದರಲ್ಲೊಂದು. ಆದರೆ ಎಂಟರಿಂದ ಹನ್ನೆರಡು ವಾರ ಬಿಡದೆ ಮಾಡಬೇಕು. ಫಿಸಿಯೋಥೆರಪಿಸ್ಟರಿಂದ ಒಮ್ಮೆ ಕಲಿತರೆ ಮನೆಯಲ್ಲೇ ಮಾಡಬಹುದು.

ಬೆಳೆಯುವ ಹುಡುಗರಲ್ಲಿ ಸ್ನಾಯು ಹರಿಯುವ ಬದಲು ಅದು ಅಂಟಿಕೊಂಡ ಎಲುಬಿನ ಚೂರೇ ಕಿತ್ತು ಬರುವುದುಂಟು. ಟಕ್ಕೆಂದು ಸದ್ದಾಗಿ ಕಾಲೂರಲು ಆಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಕೆಮ್ಮಿದಾಗ ಉಬ್ಬು ಕಂಡರೆ ಅದು ಹರ್ನಿಯಾ ಇರಬಹುದು.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಆಡುವಾಗಲೋ ನಿದ್ದೆಯಲ್ಲೋ ಹುಡುಗನಿಗೆ ಒಮ್ಮೆಲೇ ವೃಷಣದಲ್ಲಿ ಸಹಿಸಲಾಗದ ನೋವು ಬಂದು ವಾಂತಿಯಾದರೆ, ಅದು ತಿರುಚಿಕೊಂಡು ರಕ್ತ ಸಂಚಾರ ನಿಂತಿರಬಹುದು. ಹೊಟ್ಟೆನೋವೆಂದಷ್ಟೇ ಹೇಳುವ ಹುಡುಗರೂ ಇದ್ದಾರೆ, ಬಿಡಿಸಿ ಕೇಳಿ. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಉಳಿಯುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆ ಯಾವುದೆಂದು ಕೇಳಿಕೊಂಡೇ ಹೊರಡಿ. ಕಳಸದಿಂದ ಹೊರಟವರಿಗೆ ದಾರಿಯಲ್ಲಿ ಕಳೆಯುವ ಹೊತ್ತೂ ಆ ಆರು ಗಂಟೆಯಲ್ಲೇ ಸೇರಿದೆ.