ಸಿ.ಎನ್. ಹಳ್ಳಿಗೆ ನಾಲ್ಕು ಕೀಲಿ ಸಾಕು

ಚಿಕ್ಕನಾಯಕನಹಳ್ಳಿ ಎಂದು ಪೂರ್ತಿ ಹೇಳುವವರು ಆ ಸೀಮೆಯಲ್ಲೇ ಕಡಿಮೆ. ತಿಪಟೂರಿನ ಬಸ್ ನಿಲ್ದಾಣದಲ್ಲೂ ಹುಳಿಯಾರಿನ ಬೀದಿಯಲ್ಲೂ ಅದು ಸಿ.ಎನ್. ಹಳ್ಳಿ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಹೆಸರನ್ನು ಜನ ತಮ್ಮ ನಾಲಿಗೆಗೆ ಹೊಂದುವಷ್ಟಕ್ಕೆ ಮೊಟಕು ಮಾಡಿಕೊಂಡಿದ್ದಾರೆ. ಅದನ್ನು ಯಾರೂ ಸೋಮಾರಿತನ ಎನ್ನುವುದಿಲ್ಲ. ಆದರೆ ಅದೇ ಊರಿನ ಹುಡುಗಿಯೊಬ್ಬಳು ಕಂಪ್ಯೂಟರ್ ಮುಂದೆ ಕೂತು ಕೊಬ್ಬರಿ ಧಾರಣೆಯ ಪ್ರೋಗ್ರಾಂ ಬರೆಯುವಾಗ ಪೂರ್ತಿ ಹೆಸರನ್ನೇ ಮತ್ತೆ ಮತ್ತೆ ಹೊಡೆಯುತ್ತಾಳೆ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಕಚೇರಿಗಳಿಗೆಲ್ಲ ಹಬ್ಬಿದ ಕೀಲಿಮಣೆಯಲ್ಲಿ ಆ ಹೆಸರಿಗೆ 15 ಕೀಲಿ ಒತ್ತಬೇಕು, ಅದರಲ್ಲಿ ಮೂರಕ್ಕೆ ಶಿಫ್ಟ್ ಬೇರೆ. ಇಂಗ್ಲಿಷ್ ಅಕ್ಷರದಲ್ಲಾದರೆ 19.

ಪ್ರೋಗ್ರಾಂ ಬರೆಯುವ ತಂತ್ರಾಂಶಕ್ಕೆ ಕೋಡ್ ಎಡಿಟರ್ ಎನ್ನುತ್ತಾರೆ. ಅದಕ್ಕೆ ಒಮ್ಮೆ ಹೇಳಿಕೊಟ್ಟರೆ ಸಾಕು: ಸಿ, ಎನ್, ಎಚ್ ಎಂಬ ಮೂರು ಅಕ್ಷರ ಹೊಡೆದು ಟ್ಯಾಬ್ ಒತ್ತಿದೊಡನೆ ಚಿಕ್ಕನಾಯಕನಹಳ್ಳಿ ಪೂರ್ತಿ ಮೂಡುತ್ತದೆ. ವಿಎಸ್ ಕೋಡ್‌ನಲ್ಲಿ ಇದರ ಹೆಸರು ಸ್ನಿಪೆಟ್; ವಿಮ್, ಈಮ್ಯಾಕ್ಸ್‌ನಂಥ ಹಳೆಯ ಎಡಿಟರ್‌ಗಳಲ್ಲೂ ಇಂಥ ಸಂಕ್ಷೇಪದ ಸೌಲಭ್ಯ ಇದೆ. ಇದನ್ನು ಎಂಜಿನಿಯರಿಂಗ್ ಓದುವವರಿಗೆ ತರಗತಿಯಲ್ಲೇ ಕಲಿಸಬೇಕು.

ಕಲಿಸುವುದು ಕಡಿಮೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಬರವಣಿಗೆಗೆ ಅಂಕವಿದೆ, ಪ್ರೋಗ್ರಾಂ ನಡೆಸಿ ತೋರಿಸುವುದಕ್ಕೆ ಅಂಕವಿದೆ, ವೈವಾಗೆ ಅಂಕವಿದೆ. ತನ್ನ ಕಣ್ಣಿಗೆ, ಬೆರಳಿಗೆ ಎಡಿಟರನ್ನು ಒಗ್ಗಿಸಿಕೊಂಡವನಿಗೆ ಅದರ ಲೆಕ್ಕ ಇಲ್ಲ. ಹಾಗಾಗಿ ಹೆಚ್ಚಿನವರು ಎಡಿಟರ್ ಬಂದ ಹಾಗೆಯೇ ಅದನ್ನು ಬಳಸುತ್ತಾರೆ. ಅಕ್ಷರ ಚಿಕ್ಕದಾಯಿತೆನಿಸಿದರೆ ಪರದೆಯತ್ತ ಬಾಗುತ್ತಾರೆಯೇ ಹೊರತು ಅಕ್ಷರವನ್ನು ದೊಡ್ಡದು ಮಾಡುವುದಿಲ್ಲ.

ಬಂದ ಹಾಗೆ ಬಂದದ್ದು ಎಲ್ಲಿಂದ ಬಂತು ಎಂದು ಕೇಳಿದರೆ ಒಂದು ಸೊಗಸಾದ ಕಥೆ ಸಿಗುತ್ತದೆ. 1976ರ ಹೊತ್ತಿಗೆ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ವಿಐ ಎಂಬ ಎಡಿಟರ್ ಬರೆದರು. ಅದರಲ್ಲಿ ಕರ್ಸರನ್ನು ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಸರಿಸಲು ಎಚ್, ಜೆ, ಕೆ, ಎಲ್ ಕೀಲಿಗಳು. ಅವೇ ಏಕೆ? ಜಾಯ್ ಬಳಸುತ್ತಿದ್ದ ಎಡಿಎಂ-3ಎ ಎಂಬ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳನ್ನು ಆ ನಾಲ್ಕು ಕೀಲಿಗಳ ಮೇಲೆಯೇ ಅಚ್ಚು ಹಾಕಿದ್ದರು. ಎಸ್ಕೇಪ್ ಕೀಲಿಯೂ ಈಗ ಟ್ಯಾಬ್ ಇರುವ ಕಡೆ, ಕಿರುಬೆರಳಿನ ಪಕ್ಕದಲ್ಲೇ ಇತ್ತು. ಯಂತ್ರ ಮೂಲೆ ಸೇರಿತು, ಎಸ್ಕೇಪ್ ದೂರದ ತುದಿಗೆ ಹೋಯಿತು, ಅಭ್ಯಾಸ ಮಾತ್ರ ಉಳಿಯಿತು. 1991ರಲ್ಲಿ ನೆದರ್‌ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ ವಿಮ್ ಬಳಸುವವರ ಬೆರಳು ಇಂದಿಗೂ ಅವೇ ನಾಲ್ಕು ಕೀಲಿಗಳ ಮೇಲೆ. ಅಂದರೆ ಸಿದ್ಧರೂಪ ಎನ್ನುವುದೂ ಒಬ್ಬ ಮನುಷ್ಯ ತನ್ನ ಮೇಜಿನ ಮೇಲಿದ್ದ ಯಂತ್ರಕ್ಕೆ ತಕ್ಕಂತೆ ಮಾಡಿಕೊಂಡ ಹೊಂದಾಣಿಕೆಯೇ. ಬರ್ಕ್‌ಲಿಯಲ್ಲಿ ಅವರು ಮಾಡಿಕೊಂಡದ್ದನ್ನು ತುರುವೇಕೆರೆಯ ವಿದ್ಯಾರ್ಥಿ ತನಗಾಗಿ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಕನ್ನಡದಲ್ಲಿ ಮಾಹಿತಿ ತುಂಬುವವರಿಗಂತೂ ಇದು ಅನುಕೂಲದ ಮಾತಷ್ಟೇ ಅಲ್ಲ, ತಪ್ಪು-ಸರಿಯ ಮಾತು. ಕೋಡ್‌ಗೆಂದು ಮಾಡಿದ ಸಮಾನ ಅಗಲದ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಆಗ ಎಡಿಟರ್ ವ್ಯವಸ್ಥೆಯಲ್ಲಿ ಸಿಕ್ಕ ಇನ್ನೊಂದು ಫಾಂಟನ್ನು ಎರವಲು ತರುತ್ತದೆ. ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರದ ಕಾಲು ಕೆಳಗಿನ ಸಾಲಿಗೆ ತಾಗುತ್ತದೆ. ಫಾಂಟ್ ಪಟ್ಟಿಯಲ್ಲಿ ಇಂಗ್ಲಿಷ್ ಫಾಂಟಿನ ಹಿಂದೆ ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟಿನ ಹೆಸರು ಸೇರಿಸಿ, ಸಾಲಿನ ಎತ್ತರವನ್ನು ತುಸು ಹೆಚ್ಚಿಸಿದರೆ ಕಣ್ಣಿಗೆ ನೆಮ್ಮದಿ.

ಇದಕ್ಕಿಂತ ಕಷ್ಟ ಕೊಡುವುದು ಕಾಣದ ಅಕ್ಷರಗಳು. ಧಾರಣೆಯ ಪಟ್ಟಿಯಲ್ಲಿ ‘ಮಾರ್ಚ್’ ಎಂಬ ಪದ ಎರಡು ಕಡೆ ಇದೆ ಎನ್ನೋಣ. ಒಂದರ ಕೊನೆಯಲ್ಲಿ, ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವ ಶೂನ್ಯ ಅಗಲದ ಗುರುತು ಸೇರಿಕೊಂಡಿದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಬೇರೆ ತಿಂಗಳು. ‘ತೆಂಗು’ ಮತ್ತು ‘ತೆ೦ಗು’ ಕೂಡ ಹಾಗೆಯೇ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಹುಡುಕಿದರೆ ಸಿಗುವುದಿಲ್ಲ, ಮೊತ್ತ ಮಾಡಿದರೆ ಲೆಕ್ಕ ಕೂಡುವುದಿಲ್ಲ. ಅದೃಶ್ಯ ಗುರುತುಗಳನ್ನು ಬಣ್ಣದಲ್ಲಿ ಎತ್ತಿ ತೋರಿಸುವ ಸೆಟ್ಟಿಂಗ್ ಇಂದಿನ ಎಡಿಟರ್‌ಗಳಲ್ಲಿದೆ. ಅದು ಗೊತ್ತಿಲ್ಲದವರು ತಮ್ಮ ತರ್ಕದಲ್ಲೇ ತಪ್ಪಿದೆ ಎಂದುಕೊಂಡು ರಾತ್ರಿಯೆಲ್ಲ ಕೂರುತ್ತಾರೆ.

ಭಾಷೆ ಬದಲಿಸುವ ತೊಡಕೂ ಇದೆ. ವಿಮ್ ಬಳಸುವಾಗ ಕನ್ನಡ ಕೀಲಿಮಣೆ ಚಾಲೂ ಇದ್ದರೆ, ಕರ್ಸರ್ ಇಳಿಸಲು ಜೆ ಒತ್ತಿದಾಗ ಎಡಿಟರಿಗೆ ತಲುಪುವುದು ‘ಜ’. ಆಜ್ಞೆ ಕೆಲಸ ಮಾಡುವುದಿಲ್ಲ. ಈಮ್ಯಾಕ್ಸ್‌ನಲ್ಲಿ ಕನ್ನಡಕ್ಕೆಂದೇ ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ವಿಧಾನಗಳಿವೆ. ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಲೋಕದ ನಾನಾ ಭಾಷೆಗಳಲ್ಲಿ ನಮಸ್ಕಾರ ಹೇಳುವ ಒಂದು ಕಡತ ಈಮ್ಯಾಕ್ಸ್ ಜೊತೆಗೇ ಬರುತ್ತದೆ, ಅದರಲ್ಲಿ ಕನ್ನಡವೂ ಇದೆ. ಕನ್ನಡ ಆ ಅಂಗಳದಲ್ಲಿ ಹೊರಗಿನ ನೆಂಟನಲ್ಲ ಎಂದು ನಮ್ಮ ಮಕ್ಕಳಿಗೆ ತೋರಿಸಬೇಕು.

ಇದೆಲ್ಲ ಸಮಯ ತಿನ್ನುವ ಚಟ ಎನ್ನುವ ಮೇಷ್ಟ್ರುಗಳಿದ್ದಾರೆ. ಅವರ ಮಾತು ಸುಳ್ಳಲ್ಲ. ಬಣ್ಣದ ಥೀಮ್ ಆರಿಸುತ್ತಲೇ ವಾರ ಕಳೆಯುವವರುಂಟು. ಕಂಡ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ತುರುಕಿ ಹಳೆಯ ಕಂಪ್ಯೂಟರನ್ನು ಏದುಸಿರು ಬಿಡಿಸುವವರೂ ಉಂಟು. ಆದರೂ ಕಾಯಿ ಸುಲಿಯುವವರನ್ನು ನೋಡಿ. ನೆಲಕ್ಕೆ ನೆಡುವ ಕಬ್ಬಿಣದ ಮೊನೆಯ ಎತ್ತರ ಸುಲಿಯುವವರ ಸೊಂಟಕ್ಕೆ ಹೊಂದಬೇಕು. ಹೊಂದದಿದ್ದರೆ ಸಂಜೆಯ ಹೊತ್ತಿಗೆ ರಾಶಿಯೂ ಕರಗುವುದಿಲ್ಲ, ಬೆನ್ನೂ ಉಳಿಯುವುದಿಲ್ಲ. ಮೊನೆ ನೆಡಲು ಹಿಡಿದ ಹೊತ್ತನ್ನು ಯಾವ ತೋಟದ ಯಜಮಾನನೂ ದಂಡ ಎನ್ನುವುದಿಲ್ಲ.

ಹಾಗಾದರೆ ಎಷ್ಟು ಸಾಕು? ತಿಪಟೂರಿನಲ್ಲಿ 1986ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಸುತ್ತಲಿನ ಹಳ್ಳಿಗಳ ಮಕ್ಕಳು ಅಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಾರೆ. ಇಂಥ ಯಾವುದೇ ಕಾಲೇಜಿನ ಮೊದಲ ಪ್ರಯೋಗಾಲಯದ ಅವಧಿಯನ್ನು ಇದಕ್ಕೇ ಬಿಟ್ಟುಕೊಟ್ಟರೆ ಬೇಕಾದದ್ದೆಲ್ಲ ಮುಗಿಯುತ್ತದೆ. ಆಟೋ ಸೇವ್ ಮೊದಲು. ವಿಎಸ್ ಕೋಡ್‌ನಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ, ಹಳ್ಳಿಯ ಮನೆಯಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಹಗಲು ಜಗುಲಿಯಲ್ಲಿ ಕೂರುವವರಿಗೆ ಬಿಳಿ ಹಿನ್ನೆಲೆ, ರಾತ್ರಿಗೆ ಕಪ್ಪು. ಆಮೇಲೆ ಒಂದೇ ಪದವನ್ನು ಹಲವು ಕಡೆ ಒಟ್ಟಿಗೆ ತಿದ್ದುವುದು. ಉಂಡೆ ಕೊಬ್ಬರಿಯ ಬೆಂಬಲ ಬೆಲೆ 2024ರ ಹಂಗಾಮಿನಲ್ಲಿ ಕ್ವಿಂಟಲ್‌ಗೆ 12,000 ರೂಪಾಯಿ ಇದ್ದದ್ದು 2025ಕ್ಕೆ 12,100 ಆಯಿತು. ಆ ಅಂಕಿಯನ್ನು ಹತ್ತು ಕಡೆ ಬರೆದಿಟ್ಟವರು ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಡಿ ಒತ್ತುತ್ತಾ ಹೋದರೆ ಹತ್ತನ್ನೂ ಒಂದೇ ಏಟಿಗೆ ಬದಲಿಸಬಹುದು. ಹಾಗೆ ಬದಲಿಸುವಾಗಲೇ, ಅಂಕಿಗೆ ಒಂದು ಹೆಸರು ಕೊಟ್ಟು ಒಂದೇ ಕಡೆ ಇಡಬೇಕಿತ್ತು ಎಂಬ ಪಾಠವೂ ಹೊಳೆಯುತ್ತದೆ.

ಇಷ್ಟೂ ಸೆಟ್ಟಿಂಗ್ ಕೂರುವುದು ಸರಳ ಪಠ್ಯ ಕಡತದಲ್ಲಿ, ಹದಿನೈದು ಇಪ್ಪತ್ತು ಸಾಲು. ಸ್ನಿಪೆಟ್‌ಗಳಿಗೆ ಇನ್ನೊಂದು ಪುಟ್ಟ ಕಡತ. ಪ್ರಯೋಗಾಲಯದಲ್ಲಿ ಇವತ್ತು ಈ ಕಂಪ್ಯೂಟರ್, ನಾಳೆ ಇನ್ನೊಂದು ಎಂದಾದರೂ ಪೆನ್‌ಡ್ರೈವಿನಿಂದ ಎರಡನ್ನೂ ನಕಲು ಮಾಡಿಕೊಂಡರೆ ಅಕ್ಷರದ ಅಳತೆ, ಕನ್ನಡದ ಫಾಂಟು, ಸಿ.ಎನ್. ಹಳ್ಳಿಯ ನಾಲ್ಕು ಕೀಲಿ ಎಲ್ಲವೂ ನಿನ್ನೆ ಬಿಟ್ಟಂತೆಯೇ ಇರುತ್ತವೆ.